ಪದಚರ್ಚೆ: ಲಿವರ್ ಸ್ಕ್ಯಾನಿನ ‘ಲೀಷನ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಕೇಳಬೇಕಾಗಿರುವುದು ಒಂದೇ ಪದ. ಆದರೆ ಅದರ ಬೆನ್ನಿಗೆ ಇನ್ನೂ ನಾಲ್ಕಾರು ಪದಗಳು ಬರುತ್ತವೆ. ಹಾಗಾಗಿ ಪತ್ರ ಉದ್ದವಾಗಿದೆ. ಬಿಡುವಾದಾಗ ಓದಿ.

ನಾನು ಇಲ್ಲೊಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಆಳಂದ, ಸೇಡಂ, ಜೇವರ್ಗಿ, ಚಿಂಚೋಳಿ ಕಡೆಯಿಂದ ಜನ ಬರುತ್ತಾರೆ. ಯಾದಗಿರಿ, ಶಹಾಪುರದಿಂದಲೂ ಬರುತ್ತಾರೆ. ಲಿವರ್ ಸ್ಕ್ಯಾನಿಗೆ ಬಂದವರ ಕೈಯಲ್ಲಿ ಡಾಕ್ಟರ ಚೀಟಿ ಇರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಒಂದೇ ಸಾಲು: ‘ಎಂಆರ್‌ಐ ಲಿವರ್ ವಿತ್ ಕಾಂಟ್ರಾಸ್ಟ್, ಫಾರ್ ಕ್ಯಾರೆಕ್ಟರೈಸೇಷನ್ ಆಫ್ ಲೀಷನ್’. ಮನೆಯವರು ಅದನ್ನು ನಮ್ಮ ಮುಂದೆ ಹಿಡಿದು ‘ಏನ್ ಬರ್ದಾರ್ರಿ ಇದ್ರಾಗ?’ ಅನ್ನುತ್ತಾರೆ. ಇದಕ್ಕೊಂದು ಪುಟದ ಕನ್ನಡ ಹಾಳೆ ಮಾಡಿ ಎಲ್ಲರಿಗೂ ಕೊಡೋಣ ಅಂತ ನಮ್ಮ ರೇಡಿಯಾಲಜಿ ಡಾಕ್ಟರ್ ಮೇಡಂ ಹೇಳಿದರು. ಕನ್ನಡದ ಗೀಳು ಇರುವವನು ನಾನೊಬ್ಬನೇ ಅಂತ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಹಾಳೆಯಲ್ಲಿ ಮೊದಲ ಸಾಲಿಗೇ ಸಿಕ್ಕಿಕೊಂಡಿದ್ದೇನೆ. ‘ಲೀಷನ್’ ಎಂಬುದಕ್ಕೆ ಏನು ಬರೆಯಲಿ?

ಇಂಗ್ಲಿಷಿನಲ್ಲಿ ಆ ಪದ ಮಾಡುವ ಕೆಲಸ ಸ್ವಲ್ಪ ವಿಚಿತ್ರ. ಅದರ ಲ್ಯಾಟಿನ್ ಮೂಲದ ಅರ್ಥ ಪೆಟ್ಟು, ಗಾಯ. ಈಗ ಡಾಕ್ಟರುಗಳು ಆ ಅರ್ಥದಲ್ಲಿ ಬಳಸುವುದಿಲ್ಲ. ಅಕ್ಕಪಕ್ಕದ ಲಿವರಿಗಿಂತ ಬೇರೆಯಾಗಿ ಕಂಡದ್ದೆಲ್ಲ ಲೀಷನ್. ನೀರು ತುಂಬಿದ ಗುಳ್ಳೆಯೂ ಲೀಷನ್, ಕೀವು ತುಂಬಿದ ಬಾವೂ ಲೀಷನ್, ರಕ್ತನಾಳಗಳ ಮುದ್ದೆಯೂ ಲೀಷನ್, ಕ್ಯಾನ್ಸರೂ ಲೀಷನ್. ಲಿವರಿನ ಒಂದು ಮೂಲೆಯಲ್ಲಿ ಕೊಬ್ಬು ಜಾಸ್ತಿ ಸೇರಿಕೊಂಡಿದ್ದರೆ ಅದೂ ಮೊದಲ ನೋಟಕ್ಕೆ ಲೀಷನ್ನೇ. ಪದ ಏನನ್ನೂ ತೀರ್ಮಾನಿಸುವುದಿಲ್ಲ. ಅದಕ್ಕೇ ಅದು ಕೆಲಸಕ್ಕೆ ಬರುತ್ತದೆ. ಸೋನೋಗ್ರಫಿಯಲ್ಲಿ ಏನೋ ಕಂಡಿದೆ, ಏನು ಅಂತ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲಿಕ್ಕೇ ಈ ಸ್ಕ್ಯಾನ್. ಹಾಗಿರುವಾಗ ಹಾಳೆಯ ಮೊದಲ ಸಾಲಿನಲ್ಲೇ ಉತ್ತರ ಹೇಳಿಬಿಡುವ ಪದ ಹಾಕಿದರೆ ಹೇಗೆ?

ಎಲ್ಲರೂ ಥಟ್ಟನೆ ಹೇಳುವುದು ‘ಗಡ್ಡೆ’. ನಮ್ಮ ಕಡೆ ಗಡ್ಡಿ. ಉಳ್ಳಾಗಡ್ಡಿ, ಆಲೂಗಡ್ಡಿ ಅಂತ ದಿನಾ ಬಾಯಲ್ಲಿ ಆಡುವ ಪದವೇ. ಆದರೆ ಹೊಟ್ಟೆಯೊಳಗೆ ಗಡ್ಡಿ ಅಂದ ಕೂಡಲೇ ಎದುರಿಗಿದ್ದವರ ಮುಖ ಇಳಿಯುತ್ತದೆ. ‘ಕ್ಯಾನ್ಸರ್ ಗಡ್ಡಿ ಏನ್ರಿ?’ ಅನ್ನುವುದೇ ಮುಂದಿನ ಮಾತು. ಹೆದರಿಕೆಯ ಮಾತು ಬಿಟ್ಟರೂ ಪದ ಸರಿ ಹೊಂದುವುದಿಲ್ಲ. ಗಡ್ಡೆ ಅಂದರೆ ಒಳಗೆಲ್ಲ ಗಟ್ಟಿ ಇರುವಂಥದ್ದು, ಬೆಳೆಯುವಂಥದ್ದು. ನೀರಿನ ಗುಳ್ಳೆ ಗಡ್ಡೆಯಲ್ಲ. ಕೊಬ್ಬು ಸೇರಿದ ಜಾಗವಂತೂ ಉಬ್ಬಿಯೇ ಇರುವುದಿಲ್ಲ.

‘ಗಂಟು’ ಇನ್ನೊಂದು. ಗಡ್ಡೆಗಿಂತ ಮೆತ್ತಗಿನ ಪದ, ಯಾರೂ ಬೆಚ್ಚಿಬೀಳುವುದಿಲ್ಲ. ಆದರೆ ಅದು ಬೇರೊಂದು ಕಡೆ ಬೇಕಾಗಿದೆ. ಸಿರೋಸಿಸ್ ಆದಾಗ ಲಿವರ್ ಗಟ್ಟಿಯಾಗಿ, ಮೈಯೆಲ್ಲ ಸಣ್ಣ ಸಣ್ಣ ಗಂಟು ಎದ್ದಂತೆ ಆಗುತ್ತದೆ. ಅದನ್ನು ‘ಗಂಟುಗಂಟಾಗುವುದು’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಅಂಥ ಲಿವರಿನಲ್ಲಿ ಕಂಡ ಲೀಷನ್ನಿಗೂ ಗಂಟು ಅಂದರೆ ಯಾವ ಗಂಟು ಯಾವುದು ಅಂತ ಓದುವವರು ಒದ್ದಾಡಬೇಕು.

‘ಹುಣ್ಣು’ ಅಂದರೆ ಬಾಯಿ ತೆರೆದಿರಬೇಕು, ರಸಿಕೆ ಬರಬೇಕು. ಕ್ಯಾನ್ಸರಿಗೆ ಏಡಿಹುಣ್ಣು ಎಂದು ಬರೆಯುವ ರೂಢಿಯೂ ಇದ್ದುದರಿಂದ ಅದೂ ಗಡ್ಡೆಯ ದಾರಿಯೇ. ವೈದ್ಯ ಪದಕೋಶಗಳಲ್ಲಿ ‘ಗಂತಿ’, ‘ಏಡಿಗಂತಿ’ ಸಿಗುತ್ತವೆ. ನೋಡಲು ಚೆನ್ನಾಗಿವೆ. ಇಲ್ಲಿ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮೇಲಾಗಿ ಗಂತಿ ಅಂದರೆ ಟ್ಯೂಮರ್, ಅಲ್ಲಿಗೆ ಮತ್ತೆ ತೀರ್ಮಾನ ಆಗಿಹೋಯಿತು. ‘ಗಾಯ’ ಅಂತ ಒಮ್ಮೆ ನನ್ನ ಜೊತೆಯವರು ಹೇಳಿ ನೋಡಿದರು. ‘ಒಳಗ ಗಾಯ ಹ್ಯಾಂಗ್ ಆತ್ರಿ, ನಮ್ಮಪ್ಪ ಎಲ್ಲೂ ಬಿದ್ದಿಲ್ಲ’ ಅಂದರು ಮಗಳು. ಸರಿಯಾದ ಪ್ರಶ್ನೆ ಅಲ್ವಾ? ‘ಕಲೆ’ ಚಿತ್ರದ ಮಟ್ಟಿಗೆ ಸರಿ ಹೋಗುತ್ತದೆ. ಫಿಲಂ ಹಿಡಿದು ನೋಡಿದರೆ ಅದು ಕಲೆಯ ಹಾಗೇ ಕಾಣುತ್ತದೆ. ಆದರೆ ಲಿವರಿನ ಮೇಲೆ ಕಲೆ ಅಂದರೆ ಮೇಲುಮೇಲಿನದು, ಒರೆಸಿದರೆ ಹೋಗುವಂಥದ್ದು ಅನ್ನಿಸುತ್ತದೆ. ಒಳಗೆ ಐದು ಸೆಂಟಿಮೀಟರ್ ಆಳದಲ್ಲಿ ಇರುವುದಕ್ಕೆ ಕಲೆ ಅನ್ನಲು ಮನಸ್ಸು ಒಪ್ಪುವುದಿಲ್ಲ.

ನಮ್ಮ ಮೇಡಂ ಜನರ ಜೊತೆ ಬಾಯಲ್ಲಿ ಮಾತಾಡುವಾಗ ಈ ಯಾವ ಪದವನ್ನೂ ಬಳಸುವುದಿಲ್ಲ. ಅವರು ಅನ್ನುವುದು ಇಷ್ಟು: ‘ಲಿವರ್‌ದಾಗ ಒಂದ್ ಜಾಗ ಬ್ಯಾರೆ ಕಾಣ್ಲತ್ತದ. ಅದೇನಂತ ನೋಡೂಣು.’ ನನಗೆ ಇದಕ್ಕಿಂತ ಒಳ್ಳೆಯ ಅನುವಾದ ಹೊಳೆದಿಲ್ಲ. ಬೇರೆ ಕಾಣುವ ಜಾಗ. ಸುಳ್ಳಿಲ್ಲ, ಹೆದರಿಕೆ ಇಲ್ಲ, ಸಮಾಧಾನದ ಮಾತೂ ಇಲ್ಲ. ಸದ್ಯಕ್ಕೆ ಹಾಳೆಯಲ್ಲಿ ಅದನ್ನೇ ಬರೆದಿದ್ದೇನೆ. ತೊಂದರೆ ಏನೆಂದರೆ ಅದು ಮೂರು ಪದ. ಒಂದು ವಾಕ್ಯದಲ್ಲಿ ಮೂರು ಸಲ ಲೀಷನ್ ಬಂದರೆ ‘ಬೇರೆ ಕಾಣುವ ಜಾಗಗಳಲ್ಲಿ ದೊಡ್ಡದಾದ ಬೇರೆ ಕಾಣುವ ಜಾಗವು’ ಅಂತ ಶುರುವಾಗಿ ಓದುವವರು ನಡುದಾರಿಯಲ್ಲೇ ನಿಲ್ಲುತ್ತಾರೆ. ಒಂದೇ ಪದದ, ತೀರ್ಪು ಕೊಡದ ಹೆಸರು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಹೊಸದಾಗಿ ಕಟ್ಟಿದ ಪದ ಬೇಡ. ‘ಬೇರ್ಗಾಣಿಕೆ’ ಅಂತ ಯಾರಾದರೂ ಬರೆಯುತ್ತೀರಿ ಅಂತ ಗೊತ್ತು. ದಯವಿಟ್ಟು ಬೇಡ.

‘ಕ್ಯಾರೆಕ್ಟರೈಸೇಷನ್’ಗೆ ನಿಘಂಟಿನ ಕಡೆ ಹೋದರೆ ‘ಲಕ್ಷಣ ನಿರೂಪಣೆ’ಯಂಥವು ಸಿಗುತ್ತವೆ. ನಾನು ‘ಗುರುತು ಹಿಡಿಯುವುದು’ ಎಂದು ಬರೆದೆ. ಇಲ್ಲಿ ಕನ್ನಡ ನನಗೆ ಸಹಾಯವನ್ನೇ ಮಾಡಿತು. ಪತ್ತೆ ಹಚ್ಚುವುದು ಬೇರೆ, ಗುರುತು ಹಿಡಿಯುವುದು ಬೇರೆ. ಸೋನೋಗ್ರಫಿ ಪತ್ತೆ ಹಚ್ಚಿದೆ, ಎಂಆರ್‌ಐ ಗುರುತು ಹಿಡಿಯಬೇಕು. ‘ಒಮ್ಮೆ ಸ್ಕ್ಯಾನ್ ಆಗ್ಯಾದ, ಮತ್ತ್ಯಾಕ ಮಾಡ್ತೀರಿ?’ ಎಂದು ಕೇಳುವವರಿಗೆ ಈ ಎರಡು ಮಾತಿನಲ್ಲೇ ಉತ್ತರ ಇದೆ. ಇದನ್ನು ಹಾಗೇ ಇಟ್ಟುಕೊಳ್ಳುತ್ತೇನೆ.

ಲಿವರಿಗೆ ಲಿವರ್ ಅಂತಲೇ ಬರೆದಿದ್ದೇನೆ. ಅದರ ಬಗ್ಗೆ ಜಗಳ ಬೇಡ. ಶಾಲೆ ಪುಸ್ತಕದ ಯಕೃತ್ತು ಓದಿದವರಿಗಷ್ಟೇ ಗೊತ್ತು. ಪದಕೋಶದಲ್ಲಿರುವ ‘ಈಲಿ’ ನನಗೆ ಬಹಳ ಇಷ್ಟ, ತಮಿಳಿನ ಈರಲ್ ನೆನಪಾಗುತ್ತದೆ. ಆದರೆ ಕೌಂಟರಿನಲ್ಲಿ ‘ಈಲಿ ಸ್ಕ್ಯಾನ್’ ಅಂದರೆ ಯಾರೂ ಎದ್ದು ಬರುವುದಿಲ್ಲ. ಪೇಪರಿನವರ ‘ಪಿತ್ತಜನಕಾಂಗ’ ನಮ್ಮಲ್ಲಿ ತೊಂದರೆಯನ್ನೇ ಮಾಡುತ್ತದೆ. ಪಿತ್ತ ಅಂದರೆ ಇಲ್ಲಿ ತಲೆಸುತ್ತು, ಹುಳಿತೇಗು. ‘ಹೌದ್ರಿ, ನಂಗ ಭಾಳ ಪಿತ್ತ ಆಗ್ತದ’ ಅಂತ ಮಾತು ಎಲ್ಲಿಗೋ ಹೋಗುತ್ತದೆ. ಅದರ ಮೇಲೆ ಪಿತ್ತಕೋಶ ಬೇರೆ ಇದೆ. ಮಟನ್ ಅಂಗಡಿಯಲ್ಲಿ ಎಲ್ಲರಿಗೂ ತಿಳಿಯುವ ಪದ ಕಲೇಜಿ. ಅದನ್ನು ಹಾಳೆಯಲ್ಲಿ ಹಾಕುವಂತಿಲ್ಲ, ಅಷ್ಟೇ.

ಈಗ ‘ಕಾಂಟ್ರಾಸ್ಟ್’, ಅಂದರೆ ಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣಲಿ ಅಂತ ಸೂಜಿಯಿಂದ ರಕ್ತನಾಳಕ್ಕೆ ಕೊಡುವ ಔಷಧ. ಇದು ಸ್ವಲ್ಪ ದೊಡ್ಡ ಮಾತು.

ಜನ ಇದಕ್ಕೆ ‘ಬಣ್ಣದ ಸೂಜಿ’ ಅನ್ನುತ್ತಾರೆ. ಕೆಲವು ಡಾಕ್ಟರುಗಳೂ ‘ಡೈ’ ಅನ್ನುತ್ತಾರೆ, ಅಲ್ಲಿಂದಲೇ ಬಂದಿರಬೇಕು. ನೀವು ಸಿರಿಂಜ್ ನೋಡಿದರೆ ಒಳಗಿರುವುದು ತಿಳಿನೀರಿನಂಥದ್ದು, ಬಣ್ಣವೇ ಇಲ್ಲ. ಅದರೊಳಗೆ ಗ್ಯಾಡೊಲಿನಿಯಂ ಎಂಬ ಲೋಹ ಇದೆ. ಫಿನ್ಲೆಂಡಿನ ರಸಾಯನ ವಿಜ್ಞಾನಿ ಯೋಹಾನ್ ಗ್ಯಾಡೊಲಿನ್ ಅವರ ಹೆಸರಿನಿಂದ ಬಂದ ಹೆಸರು ಅದು. ಬರೀ ಲೋಹ ಮೈಗೆ ವಿಷ. ಅದಕ್ಕೆ ಇನ್ನೊಂದು ಅಣುವಿನಲ್ಲಿ ಬಿಗಿಯಾಗಿ ಹಿಡಿದಿಟ್ಟು ಕೊಡುತ್ತಾರೆ. ಹೀಗೆ ಮಾಡಿದ ಮೊದಲ ಔಷಧ ಬಳಕೆಗೆ ಬಂದದ್ದು 1988ರಲ್ಲಿ.

ಇದರ ಕೆಲಸವೂ ಬಣ್ಣ ಹಚ್ಚುವುದಲ್ಲ. ಸಿಟಿ ಸ್ಕ್ಯಾನಿನಲ್ಲಿ ಕೊಡುವ ಅಯೋಡಿನ್ ಔಷಧ ತಾನೇ ಎಕ್ಸ್‌ರೇಯನ್ನು ತಡೆದು ಬೆಳ್ಳಗೆ ಕಾಣುತ್ತದೆ. ಗ್ಯಾಡೊಲಿನಿಯಂ ಹಾಗಲ್ಲ. ಎಂಆರ್‌ಐ ನೋಡುವುದು ಮೈಯಲ್ಲಿರುವ ನೀರು, ಕೊಬ್ಬಿನ ಹೈಡ್ರೋಜನ್ನನ್ನು. ಗ್ಯಾಡೊಲಿನಿಯಂ ಹತ್ತಿರ ಬಂದರೆ ಆ ಹೈಡ್ರೋಜನ್ ಬೇಗ ತನ್ನ ಮೊದಲ ಸ್ಥಿತಿಗೆ ಮರಳುತ್ತದೆ. ಹಾಗಾಗಿ ಟಿ-1 ಎಂಬ ಬಗೆಯ ಚಿತ್ರದಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಔಷಧ ತಾನು ಕಾಣುವುದಿಲ್ಲ, ಹತ್ತಿರದವರನ್ನು ಕಾಣಿಸುತ್ತದೆ. ‘ಬಣ್ಣ’ ಅಂದರೆ ಇದೆಲ್ಲ ತಪ್ಪಾಗುತ್ತದೆ. ಆಮೇಲೆ ಬೇಡದ ಪ್ರಶ್ನೆ ಬೇರೆ ಹುಟ್ಟುತ್ತವೆ. ‘ಮೈಯಾಗ ಬಣ್ಣ ಉಳಿತದೇನ್ರಿ?’ ‘ಕೂಸಿಗಿ ಹಾಲ್ ಕುಡಿಸಿದ್ರ ಬಣ್ಣ ಬರ್ತದೇನ್ರಿ?’

‘ಮದ್ದು’ ಹಾಕೋಣವೇ ಅಂದರೆ, ‘ಮದ್ದು ಹಾಕಿ ಸ್ಕ್ಯಾನ್ ಮಾಡುತ್ತೇವೆ’ ಎಂದು ನಮ್ಮ ಕಡೆ ಬರೆದು ನೋಡಿ! ಮದ್ದು ಹಾಕುವುದು ಅಂದರೆ ಆಗದವರು ಊಟದಲ್ಲಿ ಕಲಸಿ ಕೊಡುವುದು. ‘ಔಷಧ’ ಅಂದರೆ ತೊಗರಿಗೆ ಹೊಡೆಯುವುದೂ ಔಷಧವೇ, ಆದರೂ ಆಸ್ಪತ್ರೆಯ ಗೋಡೆಯೊಳಗೆ ಆ ಅರ್ಥ ಯಾರಿಗೂ ಬರುವುದಿಲ್ಲ. ನಾನು ‘ಎದ್ದು ಕಾಣಿಸುವ ಔಷಧ’ ಎಂದು ಒಮ್ಮೆ ಬರೆದು, ಆಮೇಲೆ ‘ಕಾಂಟ್ರಾಸ್ಟ್ ಔಷಧ’ ಅಂತ ಮುಂದುವರಿಸಿದ್ದೇನೆ. ಚೀಟಿಯಲ್ಲಿ, ಬಿಲ್ಲಿನಲ್ಲಿ ಕಾಂಟ್ರಾಸ್ಟ್ ಅಂತಲೇ ಇರುತ್ತದೆ. ಅದನ್ನು ಬಚ್ಚಿಟ್ಟರೆ ಉಪಯೋಗ ಇಲ್ಲ.

ಒಂದು ಸಾಲು ಮಾತ್ರ ಪದಕ್ಕಿಂತ ಮುಖ್ಯ, ಅದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಕಿಡ್ನಿ ತೀರಾ ಕಡಿಮೆ ಕೆಲಸ ಮಾಡುತ್ತಿದ್ದರೆ, ಡಯಾಲಿಸಿಸ್ ನಡೆದಿದ್ದರೆ ಮೊದಲೇ ಹೇಳಬೇಕು. ಹಳೆಯ ಕೆಲವು ಗ್ಯಾಡೊಲಿನಿಯಂ ಔಷಧಗಳಿಂದ ಅಂಥವರ ಚರ್ಮ, ಕೀಲು ಬಿಗಿಯುವ ಒಂದು ಕಾಯಿಲೆ ಬರುತ್ತದೆ ಎಂಬುದು 2006ರಲ್ಲಿ ಗೊತ್ತಾಯಿತು. ಅದಕ್ಕೇ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೇಳುವುದು. ‘ಸುಮ್ನೆ ರೊಕ್ಕ ಖರ್ಚು ಮಾಡಸ್ತಾರ’ ಅನ್ನುವ ಗೊಣಗಾಟಕ್ಕೂ ಅದೇ ಉತ್ತರ.

ನನ್ನ ಎರಡನೇ ನಿಜವಾದ ಪ್ರಶ್ನೆ ‘ಎನ್‌ಹಾನ್ಸ್‌ಮೆಂಟ್’ ಮತ್ತು ‘ವಾಶ್‌ಔಟ್’ ಎಂಬ ಜೋಡಿಯದು. ರಿಪೋರ್ಟಿನ ಜೀವ ಇರುವುದೇ ಈ ಎರಡರಲ್ಲಿ. ಕೇಳುವ ಮೊದಲು ಒಳಗೆ ಏನು ನಡೆಯುತ್ತದೆ ಎಂದು ಹೇಳಬೇಕು.

ಲಿವರಿಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ನಾಳದಿಂದ, ಕಾಲು ಪಾಲು ಹೃದಯದಿಂದ ಬರುವ ಅಪಧಮನಿಯಿಂದ. ಆದರೆ ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಕುಡಿದು ಬೆಳೆಯುತ್ತದೆ. ಹೀಗಾಗಿ ಸೂಜಿ ಕೊಟ್ಟ ಸುಮಾರು 35 ಸೆಕೆಂಡಿಗೆ ಚಿತ್ರ ತೆಗೆದರೆ, ಲಿವರ್ ಇನ್ನೂ ಕಪ್ಪಗಿರುವಾಗಲೇ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. 70 ಸೆಕೆಂಡಿನ ಹೊತ್ತಿಗೆ ಪೋರ್ಟಲ್ ನಾಳದ ರಕ್ತ ಬಂದು ಉಳಿದ ಲಿವರ್ ಬೆಳ್ಳಗಾಗುತ್ತದೆ. ಆಗ ಅದೇ ಜಾಗ ಮಂಕು. ಹಾಗೆ ಬೆಳ್ಳಗಾಗುವುದು ಎನ್‌ಹಾನ್ಸ್‌ಮೆಂಟ್, ಆಮೇಲೆ ಮಂಕಾಗುವುದು ವಾಶ್‌ಔಟ್. ಮತ್ತೆ ಮೂರರಿಂದ ಐದು ನಿಮಿಷಕ್ಕೆ ಇನ್ನೊಂದು ಚಿತ್ರ. ಎಲ್ಲ ಆಟವೂ ಹೊತ್ತಿನ ಮೇಲೆ ನಿಂತಿದೆ. ಒಂದೇ ಚಿತ್ರ ನೋಡಿ ಯಾರೂ ಏನೂ ಹೇಳಲಾರರು.

ರಕ್ತನಾಳಗಳ ಮುದ್ದೆ, ಅಂದರೆ ಹೆಮಾಂಜಿಯೋಮಾ, ಬೇರೆ ಥರ ನಡೆದುಕೊಳ್ಳುತ್ತದೆ. ಲಿವರಿನಲ್ಲಿ ಅತಿ ಹೆಚ್ಚು ಕಾಣುವ ಸಾದಾ ಗಡ್ಡೆ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ, ಅದೇ. ಮೊದಲು ಅಂಚಿನಲ್ಲಿ ಅಲ್ಲಲ್ಲಿ ಬೆಳ್ಳಗಾಗುತ್ತದೆ. ಆಮೇಲೆ ಮಡಿಗೆ ನೀರು ಬಿಟ್ಟ ಹಾಗೆ ಮೆಲ್ಲಗೆ ನಡುವಿನ ತನಕ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಬೇಗ ಬಿಡುವುದಿಲ್ಲ. ನೀರಿನ ಗುಳ್ಳೆಗೆ ರಕ್ತವೇ ಇಲ್ಲ, ಆದ್ದರಿಂದ ಯಾವ ಹೊತ್ತಿನಲ್ಲಿ ನೋಡಿದರೂ ಕಪ್ಪು. ಬೇರೆ ಕಡೆಯಿಂದ ಹರಡಿ ಬಂದ ಕ್ಯಾನ್ಸರ್ ಬಹಳ ಸಲ ಅಂಚಿನಲ್ಲಿ ಉಂಗುರದಂತೆ ಬೆಳ್ಳಗಾಗುತ್ತದೆ. ಕೊಬ್ಬು ಸೇರಿದ ಜಾಗವನ್ನು ಹಿಡಿಯಲು ಔಷಧವೂ ಬೇಡ. ಎರಡು ಬಗೆಯ ಚಿತ್ರ ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಅದು ಕಪ್ಪಗಾಗಿ ತಾನೇ ಸಿಕ್ಕಿಬೀಳುತ್ತದೆ.

ಈಗ ಪದಕ್ಕೆ ಬರೋಣ. ಎನ್‌ಹಾನ್ಸ್‌ಮೆಂಟಿಗೆ ‘ವರ್ಧನೆ’ ಎಂದು ಬರೆದದ್ದು ನೋಡಿದ್ದೇನೆ. ‘ಗಡ್ಡೆಯಲ್ಲಿ ವರ್ಧನೆ ಕಂಡುಬಂದಿದೆ’! ಓದಿದವರು ಗಡ್ಡೆ ಬೆಳೆಯುತ್ತಿದೆ ಅಂತಲೇ ತಿಳಿಯುತ್ತಾರೆ. ಅದು ಬೆಳವಣಿಗೆಯ ಮಾತೇ ಅಲ್ಲ, ಒಂದು ನಿಮಿಷದೊಳಗಿನ ಹೊಳಪಿನ ಮಾತು. ಈ ಒಂದು ಪದದ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟಿದೆ. ‘ಬೆಳಗು’ ಅಂತ ಒಬ್ಬರು ಹೇಳಿದರು. ಇಲ್ಲಿ ಬೆಳಗುವುದು ಅಂದರೆ ತಂಬಿಗೆ ತಿಕ್ಕುವುದು. ಕೊನೆಗೆ ‘ಬೆಳ್ಳಗಾಗು’ ಎಂಬ ಕ್ರಿಯಾಪದಕ್ಕೆ ಬಂದು ನಿಂತೆ. ಹೆಸರು ಹುಡುಕುವುದು ಬಿಟ್ಟು ಕ್ರಿಯಾಪದ ಹಿಡಿದ ಕೂಡಲೇ ವಾಕ್ಯಗಳು ಸಲೀಸಾಗಿ ಬಂದವು. ‘ಔಷಧ ಹೋದ ಕೂಡಲೇ ಆ ಜಾಗ ಬೆಳ್ಳಗಾಯಿತು.’ ಇಂಗ್ಲಿಷ್ ರಿಪೋರ್ಟು ಎಲ್ಲವನ್ನೂ ಹೆಸರು ಮಾಡಿ ಇಡುತ್ತದೆ. ಅದನ್ನು ನಾವು ಹಾಗೇ ಎತ್ತಿಕೊಂಡರೆ ‘ವರ್ಧನೆ’, ‘ಕ್ಷಾಳನ’ ಇಂಥವೇ ಕೈಗೆ ಬರುತ್ತವೆ.

ವಾಶ್‌ಔಟ್ ಇದಕ್ಕಿಂತ ಕಷ್ಟ. ‘ತೊಳೆದು ಹೋಗುವುದು’ ಅಂದರೆ ಒಳ್ಳೆಯ ಸುದ್ದಿ ಅನ್ನಿಸುತ್ತದೆ, ರೋಗ ತೊಳೆದು ಹೋಯಿತು ಅನ್ನುವ ಹಾಗೆ. ನಿಜದಲ್ಲಿ ಅದು ಕ್ಯಾನ್ಸರಿನ ಕಡೆ ಬೊಟ್ಟು ಮಾಡುವ ಲಕ್ಷಣ. ಇನ್ನೊಂದು ಸೂಕ್ಷ್ಮವೂ ಇದೆ. ಮಂಕಾಗುವುದು ಅನ್ನುವುದು ಅಕ್ಕಪಕ್ಕದ ಲಿವರಿಗೆ ಹೋಲಿಸಿದ ಮಾತು. ಆ ಜಾಗದಿಂದ ಔಷಧ ಪೂರ್ತಿ ಹೋಗಿರಬೇಕು ಅಂತೇನಿಲ್ಲ.

ಈ ಸೂಕ್ಷ್ಮಕ್ಕೆ ಬೆಲೆ ಬರುವುದು ಗ್ಯಾಡಾಕ್ಸಿಟೇಟ್ ಎಂಬ ಔಷಧ ಕೊಟ್ಟಾಗ. ಸಾಮಾನ್ಯ ಕಾಂಟ್ರಾಸ್ಟ್ ರಕ್ತದಲ್ಲಿ ಓಡಾಡಿ ಕಿಡ್ನಿಯಿಂದ ಹೊರಗೆ ಹೋಗುತ್ತದೆ. ಇದು ಹಾಗಲ್ಲ. ಸುಮಾರು ಅರ್ಧದಷ್ಟನ್ನು ಲಿವರಿನ ಜೀವಕೋಶಗಳೇ ಒಳಗೆ ಎಳೆದುಕೊಂಡು ಪಿತ್ತದ ಜೊತೆ ಹೊರಗೆ ಬಿಡುತ್ತವೆ. 20 ನಿಮಿಷ ಕಾದು ಚಿತ್ರ ತೆಗೆದರೆ ಸರಿಯಾಗಿ ಕೆಲಸ ಮಾಡುವ ಲಿವರೆಲ್ಲ ಬೆಳ್ಳಗೆ. ಲಿವರಿನ ಜೀವಕೋಶ ಇಲ್ಲದ ಜಾಗ, ಇದ್ದರೂ ಕೆಲಸ ಮಾಡದ ಜಾಗ ಕಪ್ಪಗೆ. ಎಫ್‌ಎನ್‌ಎಚ್ ಎಂದು ಕರೆಯುವ ಒಂದು ಸಾದಾ ಗಡ್ಡೆ ಇದೆ, ಹೆಚ್ಚಾಗಿ ಹೆಂಗಸರಲ್ಲಿ ಕಾಣುತ್ತದೆ. ಅದರೊಳಗೆ ಲಿವರಿನ ಕೋಶಗಳೇ ಇರುವುದರಿಂದ ಅದು 20 ನಿಮಿಷಕ್ಕೂ ಸಾಮಾನ್ಯವಾಗಿ ಬೆಳ್ಳಗೇ ಉಳಿಯುತ್ತದೆ. ಅದರಂತೆಯೇ ಕಾಣುವ ಅಡಿನೋಮಾ ಎಂಬ ಇನ್ನೊಂದು ಸಾದಾ ಗಡ್ಡೆ ಬಹಳ ಸಲ ಕಪ್ಪಗಾಗುತ್ತದೆ. ಒಂದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ, ಇನ್ನೊಂದರ ಮೇಲೆ ಕಣ್ಣಿಡಬೇಕು. ಬೇರೆ ಮಾಡಿ ಹೇಳುವುದು ಈ 20 ನಿಮಿಷದ ಚಿತ್ರ.

ಆದರೆ ಈ ಔಷಧದಲ್ಲಿ ಲಿವರ್ ತಾನೇ ದಿನದಿನಕ್ಕಲ್ಲ, ನಿಮಿಷ ನಿಮಿಷಕ್ಕೆ ಬೆಳ್ಳಗಾಗುತ್ತಾ ಹೋಗುತ್ತದೆ. ಆಗ ಪಕ್ಕದ ಜಾಗ ಕಪ್ಪಗೆ ಕಂಡರೆ ಅದು ಮಂಕಾಯಿತೋ, ಲಿವರ್ ಮುಂದೆ ಹೋಯಿತೋ? ಅದಕ್ಕೇ ಗ್ಯಾಡಾಕ್ಸಿಟೇಟ್ ಕೊಟ್ಟಾಗ ಪೋರ್ಟಲ್ ಹಂತದಲ್ಲಿ, ಅಂದರೆ ಆ 70 ಸೆಕೆಂಡಿನ ಚಿತ್ರದಲ್ಲಿ, ಕಂಡದ್ದನ್ನು ಮಾತ್ರ ವಾಶ್‌ಔಟ್ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಆಮೇಲಿನದನ್ನು ಹಿಡಿಯುವುದಿಲ್ಲ. ಹಾಗಾದರೆ ಕನ್ನಡದಲ್ಲಿ ಎರಡಕ್ಕೂ ‘ಮಂಕಾಯಿತು’ ಅನ್ನಬಹುದೇ? ನಾನು ಮೊದಲನೆಯದಕ್ಕೆ ‘ಬೆಳ್ಳಗಾಗಿ ಬೇಗ ಮಂಕಾಯಿತು’, ಎರಡನೆಯದಕ್ಕೆ ‘ಔಷಧ ಹೀರಲಿಲ್ಲ’ ಎಂದು ಬರೆದಿದ್ದೇನೆ. ಮೇಡಂ ಒಪ್ಪಿದ್ದಾರೆ. ನಿಮ್ಮಲ್ಲಿ ಡಾಕ್ಟರುಗಳೂ ಇದ್ದೀರಿ, ನೋಡಿ ಹೇಳಿ.

ಹಂತಗಳ ಹೆಸರಿನ ಬಗ್ಗೆ ಚಿಕ್ಕದಾಗಿ ಒಂದು ದೂರು. ಅಪಧಮನಿ, ಅಭಿಧಮನಿ ಎಂದು ಶಾಲೆಯಲ್ಲಿ ಕಲಿತೆವು. ಒಂದು ಅಕ್ಷರದ ವ್ಯತ್ಯಾಸದಲ್ಲಿ ರಕ್ತ ಹೋಗುವ ದಿಕ್ಕೇ ತಿರುಗಿಬಿಡುತ್ತದೆ. ಪರೀಕ್ಷೆಯಲ್ಲಿ ಅದಲುಬದಲು ಬರೆಯದವರು ಯಾರಿದ್ದಾರೆ? ಹಾಳೆಯಲ್ಲಿ ‘ಮೊದಲ ಚಿತ್ರ, ಎರಡನೇ ಚಿತ್ರ, ತಡದ ಚಿತ್ರ, 20 ನಿಮಿಷದ ಚಿತ್ರ’ ಎಂದು ಹಾಕಿ ಕೈತೊಳೆದುಕೊಂಡೆ.

ಇನ್ನು ಉಸಿರು. ಇದು ನನ್ನದೇ ಕ್ಷೇತ್ರ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಲಿವರ್ ಉಸಿರಿನ ಜೊತೆ ಮೇಲೆ ಕೆಳಗೆ ಸರಿಯುತ್ತದೆ. ಚಿತ್ರ ತೆಗೆಯುವಾಗ ಹದಿನೈದು ಇಪ್ಪತ್ತು ಸೆಕೆಂಡು ಉಸಿರು ನಿಲ್ಲಿಸಿ ಅಲುಗಾಡದೆ ಇರಬೇಕು. ಮೊದಲ ಚಿತ್ರವಂತೂ ಕೆಟ್ಟರೆ ಕೆಟ್ಟೇ ಹೋಯಿತು. ಆ 35ನೇ ಸೆಕೆಂಡು ಮತ್ತೆ ಬರುವುದಿಲ್ಲ, ಇನ್ನೊಮ್ಮೆ ತೆಗೆಯಬೇಕೆಂದರೆ ಇನ್ನೊಂದು ದಿನ ಇನ್ನೊಂದು ಸೂಜಿ. ಅದರಲ್ಲೂ ಗ್ಯಾಡಾಕ್ಸಿಟೇಟ್ ಹೋದ ಕೂಡಲೇ ಕೆಲವರಿಗೆ ಒಂದು ಗಳಿಗೆ ಉಸಿರು ಹಿಡಿಯುವುದೇ ಕಷ್ಟವಾಗುತ್ತದೆ. ಹಾಗಾಗಿ ನಾವು ಏನು ಹೇಳುತ್ತೇವೆ, ಯಾವ ಮಾತಿನಲ್ಲಿ ಹೇಳುತ್ತೇವೆ ಅನ್ನುವುದರ ಮೇಲೆ ಇಡೀ ಸ್ಕ್ಯಾನ್ ನಿಂತಿರುತ್ತದೆ.

‘ಉಸಿರು ಕಟ್ಟಿ’ ಎಂದು ಹೇಳುವವರಿದ್ದಾರೆ. ಉಸಿರು ಕಟ್ಟುವುದು ಅಂದರೆ ಜೀವ ಹೋಗುವ ಸ್ಥಿತಿ. ಸುರಂಗದಂಥ ಮಷಿನಿನಲ್ಲಿ ಮಲಗಿ, ಕಿವಿಗೆ ಧಡಧಡ ಸದ್ದು ಬೀಳುತ್ತಿರುವಾಗ ಆ ಮಾತು ಕೇಳಿಸಿಕೊಳ್ಳುವವರನ್ನು ನೆನೆಸಿಕೊಳ್ಳಿ. ‘ದಮ್ ಹಿಡೀರಿ’ ಅಂದರೆ ವಯಸ್ಸಾದವರಿಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಅದಕ್ಕೆ ‘ಸ್ವಲ್ಪ ತಡೀರಿ, ಸಮಾಧಾನ ಮಾಡ್ಕೋರಿ’ ಎಂಬ ಅರ್ಥವೂ ಉಂಟು. ಕೆಲವರು ಆರಾಮಾಗಿ ಉಸಿರಾಡುತ್ತಾ ಕಾಯುತ್ತಾರೆ! ಉರ್ದು ಮಾತಾಡುವವರಿಗೆ ‘ಸಾಂಸ್ ರೋಕೋ’ ಅಂದರೆ ಮುಗಿಯಿತು, ಗೊಂದಲವೇ ಇಲ್ಲ. ‘ರೋಕೋ’ದಷ್ಟು ನೇರವಾದ ಕನ್ನಡ ಬೇಕು ನನಗೆ. ಈಗ ನಾನು ಹೇಳುವುದು: ‘ಉಸ್ರ ತಗೋರಿ… ಬಿಡ್ರಿ… ನಿಲ್ಸ್ರಿ.’ ನಿಲ್ಲಿಸು ಎಂಬುದು ಹಿಡಿ, ಕಟ್ಟು ಎರಡಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಬಿಟ್ಟ ಮೇಲೆ ಹಿಡಿ ಅಂದರೆ ‘ಏನು ಹಿಡೀಲಿ, ಬಿಟ್ಟಾಯ್ತಲ್ಲ’ ಎಂದು ಜನ ಮತ್ತೆ ಉಸಿರು ಎಳೆದುಕೊಳ್ಳುತ್ತಾರೆ. ನಿಲ್ಲಿಸು ಅಂದರೆ ಎಲ್ಲಿದ್ದೀರೋ ಅಲ್ಲೇ. ಒಳಗೆ ಹೋಗುವ ಮೊದಲು ಹೊರಗೆ ಕೂಡಿಸಿ ಒಮ್ಮೆ ರೂಢಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಇದೇ ಸಾಲಿನಲ್ಲಿ ಇನ್ನೊಂದು. ಲೋಹದ ಯಾವ ವಸ್ತುವೂ ಒಳಗೆ ಬರುವಂತಿಲ್ಲ. ‘ತಾಳಿ ಬಿಚ್ಚಿ’ ಎಂದು ಬರೆದ ಒಂದು ಬೋರ್ಡು ಎಲ್ಲೋ ನೋಡಿದ್ದೆ. ಆ ಮಾತು ಯಾರಿಗೆ ತಾನೇ ಹಿಡಿಸುತ್ತದೆ? ಕೊರಳಲ್ಲಿ ಬೆಳ್ಳಿ ಕರಡಿಗೆ ಇರುವ ಹಿರಿಯರಿಗೂ ‘ಲಿಂಗ ಬಿಚ್ಚಿ’ ಎಂದು ಹೇಳಲಾಗುವುದಿಲ್ಲ. ‘ತೆಗೆದು ಮನೆಯವರ ಕೈಗೆ ಕೊಡಿ’ ಎಂದು ಬರೆದಿದ್ದೇನೆ. ಅಷ್ಟಕ್ಕೇ ಅರ್ಧ ವಾದ ಕಡಿಮೆಯಾಗುತ್ತದೆ.

ಕೊನೆಯದಾಗಿ ರಿಪೋರ್ಟಿನ ಅಡಿಯಲ್ಲಿ ಬರುವ ನಂಬರು. ಸಿರೋಸಿಸ್ ಆದವರಿಗೆ, ಬಹಳ ಕಾಲದಿಂದ ಹೆಪಟೈಟಿಸ್-ಬಿ ಇರುವವರಿಗೆ ಲೈ-ರಾಡ್ಸ್ ಎಂಬ ಒಂದು ಪದ್ಧತಿಯಲ್ಲಿ ನಂಬರು ಕೊಡುತ್ತಾರೆ. ಅಮೆರಿಕದ ರೇಡಿಯಾಲಜಿ ಕಾಲೇಜು ಅದನ್ನು 2011ರಲ್ಲಿ ಹೊರತಂದಿತು. ಎಲ್‌ಆರ್-1 ಅಂದರೆ ಖಚಿತವಾಗಿ ಸಾದಾ, ಎಲ್‌ಆರ್-5 ಅಂದರೆ ಖಚಿತವಾಗಿ ಲಿವರಿನ ಕ್ಯಾನ್ಸರ್. ಇಂಥವರಲ್ಲಿ ಎಲ್‌ಆರ್-5 ಬಂದರೆ ಬಹಳ ಸಲ ಸೂಜಿ ಚುಚ್ಚಿ ತುಣುಕು ತೆಗೆಯದೆಯೇ ಚಿಕಿತ್ಸೆ ಶುರು ಮಾಡುತ್ತಾರೆ. ಅಷ್ಟು ಭಾರದ ನಂಬರು ಅದು. ಆದರೆ ಮನೆಯವರು ಅದನ್ನು ಓದುವುದೇ ಬೇರೆ. ಎಲ್‌ಆರ್-4 ಕಂಡರೆ ‘ನಾಕನೇ ಸ್ಟೇಜ್ ಅಂತ್ರಿ’ ಎಂದು ಫೋನಿನಲ್ಲಿ ಅಳುತ್ತಾರೆ. ಸ್ಟೇಜ್ ಅಂದರೆ ಕ್ಯಾನ್ಸರ್ ಎಷ್ಟು ಹರಡಿದೆ ಎಂಬುದು. ಈ ನಂಬರು ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದರ ಅಂದಾಜು. ಎರಡಕ್ಕೂ ಸಂಬಂಧವೇ ಇಲ್ಲ. ಇದನ್ನು ಹಾಳೆಯಲ್ಲಿ ಚೌಕಟ್ಟು ಹಾಕಿ ಬರೆದಿದ್ದೇನೆ.

ನಡುವಿನ ಎಲ್‌ಆರ್-3 ನನ್ನನ್ನು ಕಾಡುತ್ತಿದೆ. ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡಬೇಕು. ‘ಅನುಮಾನ’ ಎಂದು ಬರೆದರೆ ನಮ್ಮ ಕಡೆ ಅದು ಕೆಟ್ಟದ್ದೇ ಎಂದಾಗುತ್ತದೆ. ‘ಡೌಟ್ ಅದ ಅಂತ’ ಅಂದರೆ ಜನ ಅರ್ಥ ಮಾಡಿಕೊಳ್ಳುವುದು ‘ಇದೆ, ಡಾಕ್ಟರ್ ಬಾಯಿ ಬಿಟ್ಟು ಹೇಳ್ತಿಲ್ಲ’ ಎಂದು. ‘ಬಹುಶಃ ಸಾದಾ’ ಅಂದರೆ ಮತ್ತೆ ತೋರಿಸಲು ಬರುವುದೇ ಇಲ್ಲ. ‘ಇನ್ನೂ ಗುರುತು ಸಿಕ್ಕಿಲ್ಲ, ಮತ್ತೆ ನೋಡಬೇಕು’ ಎಂಬಲ್ಲಿಗೆ ಬಂದಿದ್ದೇನೆ. ಸರಿ ಅನ್ನಿಸುತ್ತದೆಯೇ?

ಬೀದರ್, ಔರಾದ್, ಭಾಲ್ಕಿ ಕಡೆಯವರು, ಗುರುಮಠಕಲ್ ಕಡೆಯವರು ಮುಖ್ಯವಾಗಿ ಹೇಳಬೇಕು. ನಿಮ್ಮಲ್ಲಿ ಮರಾಠಿ, ತೆಲುಗು ಬೆರೆತು ನಮಗೆ ಗೊತ್ತಿಲ್ಲದ ಪದ ಇರಬಹುದು. ಮನೆಯಲ್ಲಿ ಅಜ್ಜಿಯರು ಹೊಟ್ಟೆಯೊಳಗಿನ, ಏನೆಂದು ಗೊತ್ತಿಲ್ಲದ ಒಂದು ಗುರುತಿಗೆ ಏನನ್ನುತ್ತಾರೆ ಅಂತ ಕೇಳಿ ಬರೆಯಿರಿ. ಹಾಳೆ ಮುಂದಿನ ತಿಂಗಳು ಪ್ರಿಂಟಿಗೆ ಹೋಗುತ್ತದೆ. ‘ಬೇರೆ ಕಾಣುವ ಜಾಗ’ಕ್ಕಿಂತ ಚಿಕ್ಕದು ಸಿಗದಿದ್ದರೆ ಅದನ್ನೇ ಉಳಿಸುತ್ತೇನೆ, ವರ್ಧನೆಯನ್ನಂತೂ ಹಾಕುವುದಿಲ್ಲ.